ಗಾಳಿ ಆಡದ ಡಬ್ಬಿ

...ಎಲ್ಲಿ, ಕೈ ತೋರ್ಸಿ ಮೇಡಂ. ಅಯ್ಯೋ, ಬೆರಳೆಲ್ಲ ಊದ್ಕೊಂಡಿದೆ. ಯಾಕೆ ನಗ್ತೀರಾ? ವಲಸೆ ಬಂದೋರ ಮೈಕೈ ನೋವು ಪುಸ್ತಕ ಓದಿದ್ರೆ ಗೊತ್ತಾಗಲ್ಲ, ನಿಮ್ಮ ಜೊತೆ ನಾನೂ ಬಟ್ಟೆ ಮಡಚಿ ನೋಡಿ ಬರೀತೀನಿ ಅಂತ ಈ ಲಾಂಡ್ರಿಗೆ ಬಂದೋರು ನೀವು. ಈಗ ಅನುಭವಿಸಿ.

ನಂಗಾ? ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ನಮ್ಮ ಸೂಪರ್‌ವೈಸರಮ್ಮ ಇದಾಳಲ್ಲ, ಮೈಯಲ್ಲಿ ಒಂದು ಕುಂದು ಕಂಡ್ರೆ ಸಾಕು, ಊರಿಗೆ ವಾಪಸ್. ಇಸ್ತ್ರಿ ಮಾಡ್ತಿದ್ದವಳ ಅಂಗೈ ಬಿರುಕು ಬಿಡ್ತು... ಮಾರನೇ ದಿನ ಅವಳೇ ಇಲ್ಲ. ಆ ಗತಿ ನಂಗೆ ಬರಬಾರ್ದು ಮೇಡಂ, ಮಗಳು ಇಲ್ಲೇ ಸ್ಕೂಲಿಗೆ ಹೋಗ್ತಿದಾಳೆ. ಸದ್ಯ, ನನ್ನನ್ನ ಮೂಸೋ ಮೇಜಿಗೆ ಹಾಕಿದಾರೆ. ಆಸ್ಪತ್ರೆ ಬೆಡ್‌ಶೀಟು ಒಗೆದು ಬಂದ್ಮೇಲೂ ರಕ್ತದ್ದೋ ಬ್ಲೀಚಿಂದೋ ವಾಸನೆ ಉಳಿದಿದ್ರೆ ಬೇರೆ ಹಾಕ್ಬೇಕು. ನಂದು ನಾಯಿ ಮೂಗಂತೆ, ಎಲ್ರೂ ಹಾಗೇ ಅಂತಾರೆ.

ಅದೇನು ಚೀಲದಿಂದ ತೆಗೀತಿದೀರಾ? ಡಬ್ಬಿ... ನೀವು ನಮ್ಮೂರಿಗೆ ಹೋಗಿದ್ದಾಗ ಅಮ್ಮ ಕೊಟ್ಟಿದ್ದಾ? ನೀವು ವಾಪಸ್ ಬಂದ್ಮೇಲೆ ತೀರ್ಕೊಂಡ್ಲು, ತಿಂಗಳಾಯ್ತಲ್ಲ ಮೇಡಂ... ಅವಳ ದಿಂಬಿನ ಕವರಿನ ತುಂಡಾ? ವಾಸನೆ ಹೋಗಬಾರ್ದು ಅಂತ ಗಾಳಿ ಆಡದ ಡಬ್ಬಿಗೆ ಹಾಕ್ಸಿದ್ರಾ...

ಆಯ್ತು. ಕಣ್ಣು ಮುಚ್ಕೊಂಡು ಮೂಸಿ, ನೆನಪಾಗಿದ್ದು ಹೇಳ್ಬೇಕು. ಅಷ್ಟೇ ತಾನೇ? ಮೂಗಿನ ಹತ್ರ ಹಿಡೀರಿ.

ಹಾಂ... ಬಂತು. ತಲೆಗೆ ಹಚ್ಚೋ ಎಣ್ಣೆ. ಒಲೆ ಹೊಗೆ. ನಂಗೆ ಜ್ವರ ಬಂದ್ರೆ ತಬ್ಕೊಂಡು ಮಲಗ್ತಿದ್ಲಲ್ಲ, ಆಗಿನ ಬೆವರು... ಅವಳೇ ಮೇಡಂ. ಇಲ್ಲೇ ಪಕ್ಕದಲ್ಲಿ ಇದಾಳೆ.

ಬರ್ಕೊಂಡ್ರಾ? ಮೇಡಂ? ಕಣ್ಣು ಬಿಡ್ತೀನಿ.

ಮುಚ್ಚಳ... ಇನ್ನೂ ತೆಗೆದೇ ಇಲ್ವಾ. ಊದಿದ ಬೆರಳಲ್ಲಿ ತಿರುಗಿಸೋಕಾಗ್ಲಿಲ್ವಾ.

ಹಾಗೆ ನೋಡ್ಬೇಡಿ. ಹೌದು, ಬ್ಲೀಚು ನನ್ನ ಮೂಗನ್ನ ತಿಂದ್ಹಾಕ್ತು. ಯಾವ ವಾಸನೇನೂ ಬರಲ್ಲ ಮೇಡಂ, ಮಗಳ ತಲೆ ಮೂಸಿದ್ರೂ ಏನೂ ಬರಲ್ಲ. ಮೇಜಿನ ಆಚೆ ಕೂತವಳ ಮುಖ ನೋಡ್ತಿರ್ತೀನಿ, ಅವಳು ಮುಖ ಕಿವುಚಿದ್ರೆ ನಾನೂ ಬೇರೆ ಹಾಕ್ತೀನಿ. ಇದೊಂದನ್ನ ಬರೀಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.

ಕೊಡಿ ಇಲ್ಲಿ, ನಾನು ತೆಗೀತೀನಿ. ತಗೊಳ್ಳಿ... ಬೇಗ. ನೀವು ಅವಳ ಪಕ್ಕ ಕೂತು ಮಾತಾಡಿದ್ರಲ್ಲ, ನಿಮಗೆ ಗೊತ್ತಾಗುತ್ತೆ. ಮೂಸಿ ಹೇಳಿ ಮೇಡಂ... ಅಮ್ಮ ಇನ್ನೂ ಇದಾಳಾ ಅದ್ರಲ್ಲಿ?