ಇನ್ನೊಂದು ಕೂಸು

ಎರಡು ದಿನದಿಂದ ಸೂಡಿಯಲ್ಲಿ ಮಳೆ ಹಿಡಿದಿತ್ತು. ಸಂಜೆಗೆ ಕರೆಂಟೂ ಹೋಯಿತು. ಗಜೇಂದ್ರಗಡದ ಬಸ್ಸು ಬರುವ ಹಾಗೆ ಕಾಣಲಿಲ್ಲ. ನಾನು ಗುಡ್ಡವ್ವಜ್ಜಿಯ ಪಡಸಾಲೆಯಲ್ಲೇ ಕುಳಿತೆ. ಓಣಿಯ ನಾಲ್ಕಾರು ಹೆಂಗಸರು ಅಲ್ಲಿ ಶೇಂಗಾ ಸುಲಿಯುತ್ತಿದ್ದರು. ಒಬ್ಬಳು ಸುಮ್ಮನಿರಲಾರದೆ, “ಒಂದ ದೆವ್ವದ ಕತಿ ಹೇಳಬೇ ಯಮ್ಮಾ” ಎಂದಳು. ಅಜ್ಜಿ ತಲೆಯ ಮೇಲಿನ ಮಣ್ಣಿನ ಮಾಳಿಗೆಯತ್ತ ಮುಖವೆತ್ತಿ ನೋಡಿದಳು. ಆಮೇಲೆ ದನಿ ತಗ್ಗಿಸಿ ಶುರು ಮಾಡಿದಳು.

“ಹೇಳಬಾರದು ಅನಕೊಂಡಿದ್ದೆ… ಆದ್ರ ಇವತ್ತ ಹೇಳಬೇಕು. ನಾ ಲಗ್ನಾಗಿ ಈ ಊರಿಗೆ ಬಂದ ಹೊಸದರಾಗ, ಪುರ್ತಗೇರಿ ಕಡಿಂದ ರಮಾಬಾಯಿ ಅನ್ನಾಕಿ ಎರಡು ಕೂಸು ಕಟಗೊಂಡು ಕೂಲಿಗೆ ಬಂದಿದ್ಲು. ಊರ ಹೊರಗ ಒಂದು ಹಳೇ ಮಾಳಿಗಿ ಮನ್ಯಾಗ ಇದ್ಲು. ಹಿಂಗ ಮಳಿ ಹಿಡದಾಗ, ಆಕಿ ಕಟಿಗಿ ತರಾಕ ಹೋದ ಹೊತ್ತಿನ್ಯಾಗ, ಮಣ್ಣಿನ ಮಾಳಿಗಿ ಕುಸದು ಎರಡೂ ಕೂಸು ಅಡಿಯಾಗ ಸಿಕ್ವು. ಆಕಿ ಮನಿಮನಿ ಮುಂದ ನಿಂತು ಒದರಿದ್ಲು. ನಮ್ಮ ಗಂಡಸ್ರು ಏನಂದ್ರು ಗೊತ್ತೈತೇನು? ‘ಗ್ವಾಡಿ ಬೀಳ್ತಾವು, ಮಳಿ ನಿಲ್ಲಲಿ, ಆಮ್ಯಾಲೆ ಅಗದ್ರಾತು.’ ಆಕಿ ಒಬ್ಬಾಕಿನ ಬರಿಗೈಲೆ ಕೆದರಿದ್ಲು… ಉಳದ ಗ್ವಾಡಿ ಆಕಿ ಮ್ಯಾಲೂ ಬಿತ್ತು. ಮಳಿ ನಿಂತ ಮ್ಯಾಲೆ ತಗದ್ರ ಉಗರಾಗೆಲ್ಲಾ ಮಣ್ಣು. ಅಲ್ಲಿಂದ ಮಳಿ ಹಿಡದಾಗೊಮ್ಮಿ ಮಾಳಿಗಿ ಮ್ಯಾಲೆ ಕೆದರೂ ಸಪ್ಪಳ… ಕರ್ರ್… ಕರ್ರ್… ಬೆಕ್ಕು ಅಂತೀವಿ ನಾವು. ಏನರೇ ಅನ್ನಬೇಕಲ್ಲ?”

ಸುಲಿಯುವ ಕೈಗಳು ನಿಧಾನವಾದವು. ಹೊರಗೆ ನೀರು ಧೋ ಎನ್ನುತ್ತಿತ್ತು.

“ಆಮ್ಯಾಲೆ ಭಾಳ ವರ್ಷಕ್ಕ, ದೊಡ್ಡ ನೆರಿ ಬಂದ ವರ್ಷ… ನಮ್ಮ ಕಡೀಮನಿ ಭಾರತಿ ಗೊತ್ತಲ್ಲ ನಿಮಗ? ಆಕಿ ಗಂಡ ಮುತ್ತಣ್ಣ ಗೋವಾಕ್ಕ ದುಡ್ಯಾಕ ಹೋಗಿದ್ದ. ಮನ್ಯಾಗ ಆಕಿ, ಮಗಳು ನೇತ್ರಾ, ತೊಟ್ಟಲ ಕೂಸು ರಾಜರತ್ನ. ದೀಪಾ ಹಚ್ಚೂ ಹೊತ್ತು. ಬಾಗಲಾ ಯಾರೋ ತಳ್ಳಿದಂಗಾತು. ‘ಯಾರವ್ರು?’ ಅಂದ್ಲು. ಮಾತಿಲ್ಲ. ಮತ್ತ ತಳ್ಳಿದ್ರು, ಅಗಳಿ ಕಟಕ್ ಅಂತು. ಕಳ್ಳರು ಅಂತ ತಿಳದು ಜ್ವಾಳದ ಚೀಲಾ ಎಳದು ಬಾಗಲಕ್ಕ ಹಚ್ಚಿ, ಎರಡೂ ಮಕ್ಕಳನ್ನ ಕಣಜದ ಹಿಂದ ಅಡಗಿಸಿ, ಕುಡಗೋಲು ಹಿಡದು ನಿಂತ್ಲು. ಸಪ್ಪಳ ನಿಂತಿತು. ಹೋದ್ರು ಅನಕೊಂಡ್ಲು… ಅಷ್ಟರಾಗ ಮಾಳಿಗಿ ಮ್ಯಾಲೆ ಕರ್ರ್… ಕರ್ರ್…

“ಮಾಳಿಗ್ಯಾಗಿನ ಬೆಳಕಿಂಡಿ ಮ್ಯಾಲೆ ಮಳಿಗಂತ ಮುಚ್ಚಿದ್ದ ತಗಡು ಸರೀತು. ಒಂದು ಕೈ ಇಳೀತು. ಹಸಿ ಮಣ್ಣು ಮೆತ್ತಿದ ಕೈ… ಮೊಣಕೈ ದಾಟಿ ಇನ್ನೂ ಇಳೀತಾನ ಇತ್ತು. ‘ನನ್ನ ಕೂಸು ಇಲ್ಲೆ ಅದಾವೇನವ್ವಾ?’ ಅಂತ ದನಿ. ಭಾರತಿ ಕುಡಗೋಲು ಬೀಸಿದ್ಲು. ರಕ್ತ ಇಲ್ಲ, ಮಣ್ಣು ಉದರಿತು. ಕೈ ಕಣಜದ ಕಡೆ ಹೊಳ್ಳಿತು. ನೇತ್ರಾ ಚೀರಿದ್ಲು. ಆವಾಗ ತಾಯಿ ಬಾಯಾಗ ಏನ್ ಬರಬೇಕ್ರೆ? ‘ನನ್ನ ಒಯ್ಯಿ’ ಅಂತ ಬರಬೇಕು, ಹೌದಲ್ಲೊ? ಶೇಂಗಾ ಸುಲಕೋಂತ ಕುಂತಾಗ ನಾವೆಲ್ಲಾರೂ ಹಂಗ ಅನ್ನಾವ್ರು. ಭಾರತಿ ಅಂದ್ಲು… ‘ಇವು ನನ್ನವು. ನಿಂದು ಬಾಜೂ ಮನ್ಯಾಗ ಐತಿ. ಫಕೀರವ್ವನ ಮನ್ಯಾಗ. ಅಲ್ಲಿ ಹೋಗು.’

“ಕೈ ಮ್ಯಾಲೇರಿತು. ಸಪ್ಪಳ ಈ ಮಾಳಿಗಿಂದ ಆ ಮಾಳಿಗಿಗೆ ದಾಟಿತು. ಫಕೀರವ್ವಗ ಇದ್ದಾಂವ ಒಬ್ಬನ ಮೊಮ್ಮಗ, ದುರಗೇಶ. ಮುದುಕಿ ಹಿತ್ತಲದಾಗ ಎಮ್ಮಿ ಕಟ್ಟಾಕತ್ತಿದ್ಲು, ಹುಡಗ ಒಳಗ ಒಬ್ಬನ. ನಡುವ ಒಂದ ಗ್ವಾಡಿ. ‘ಹೊರಗ ಓಡೋ’ ಅಂತ ಒದರಿದ್ರ ಕೇಳ್ತಿತ್ತು. ಒದರಲಿಲ್ಲ ಭಾರತಿ. ಒದರಿದ್ರ ಹೊಳ್ಳಿ ತನ್ನ ಮನಿಗೆ ಬಂದ್ರ? ಮಗಳ ಬಾಯಿ ಒತ್ತಿ ಹಿಡದು ಕುಂತ್ಲು. ಹುಡಗ ಯಾರ ಜೋಡಿನೋ ಮಾತಾಡಿದ್ದು ಕೇಳಸ್ತಂತ. ಒಮ್ಮಿ ನಕ್ಕನಂತ… ಆಮ್ಯಾಲೆ ಮಾಳಿಗಿ ಬಿತ್ತು.

“ಮಣ್ಣಾಗಿಂದ ತಗದ್ರು, ಮತ್ತ ಮಣ್ಣಾಗ ಇಟ್ರು. ಫಕೀರವ್ವ ಭಾರತೀನ ತೆಕ್ಕಿ ಬಡದು, ‘ನಿನ್ನ ಮಕ್ಕಳರೇ ಉಳದ್ವಲ್ಲ ತಾಯಿ’ ಅಂದ್ಲು. ದುರಗೇಶನ ಹೊಸಾ ಅಂಗಿ ತಂದು, ‘ನಿನ್ನ ಮಗಾ ದೊಡ್ಡಾಂವ ಆದ ಮ್ಯಾಲೆ ಹಾಕು’ ಅಂತ ಕೊಟ್ಲು. ಭಾರತಿ ಇಸಗೊಂಡ್ಲು. ಒಲ್ಲೆ ಅಂದ್ರ ಯಾಕ ಅಂತ ಹೇಳಬೇಕಲ್ಲ? ಮಗಾ ಅದನ್ನ ಹಾಕ್ಕೊಂಡು ಸಾಲಿಗೆ ಹೊಂಟ್ರ, ಈಕಿ ಒಲಿ ಮುಂದಿಂದ ಎದ್ದು ಬರ್ತಿದ್ದಿಲ್ಲ. ಫಕೀರವ್ವಗ ಸಾಯೂತನಕ ರೊಟ್ಟಿ ಬಡದು ಕೊಟ್ಲು, ಮೈ ತೊಳದ್ಲು. ಮಂದಿ ‘ಎಂಥಾ ಚಲೋ ಹೆಣ್ಣಮಗಳು’ ಅಂದ್ರು. ಹಂಗ ಅಂದಾಗೆಲ್ಲಾ ಆಕಿ ಸೆರಗ ಮಾರಿಗೆ ಎಳಕೊಂಡು ಒಳಗ ಹೋಗ್ತಿದ್ಲು. ನಾವು ನಾಚಕಿ ಸ್ವಭಾವ ಅನಕೊಂಡ್ವಿ. ಫಕೀರವ್ವ ತೀರಿದ ದಿನ ನನ್ನ ಕಾಲ ಹಿಡದು ಎಲ್ಲಾ ಹೇಳಿದ್ಲು.”

“ಮುಂದ ಆ ರಮಾಬಾಯಿ ಬರಲಿಲ್ಲೇನ್ರಿ?” ಎಂದು ನಾನೇ ಕೇಳಿದೆ.

“ಬರದ ಏನ್ರಿ? ಮಳಿ ಹಿಡದಾಗೊಮ್ಮಿ ಬರ್ತಾಳ. ಈಗ ಬಾಗಲಾ ತಳ್ಳೂದಿಲ್ಲ. ಬೆಳಕಿಂಡ್ಯಾಗ ಬಾಯಿ ಇಟ್ಟು ಗುರ್ತಿನಾಕಿ ಹಂಗ ಕೇಳ್ತಾಳಂತ: ‘ಅವ್ವಾ, ನೀ ಹೇಳಿದಲ್ಲಿ ಒಂದು ಸಿಕ್ಕಿತು. ಇನ್ನೊಂದು ಯಾರ ಮನ್ಯಾಗ ಐತಿ?’ ಭಾರತಿ ಸೆರಗು ಬಾಯಾಗ ತುರಕೊಂಡು ಕುಂಡ್ರತಾಳ. ಇಷ್ಟ ವರ್ಷ ಹೇಳಿಲ್ಲ. ಆಕಿ ಮಕ್ಕಳು ದೊಡ್ಡವಾದ್ವು, ಅಂಜೂವಂಥಾದ್ದು ಇದ್ದಿಲ್ಲ…”

ಅಜ್ಜಿ ಮೊರದಲ್ಲಿ ಕೈಯಾಡಿಸಿದಳು. ಅದರಲ್ಲಿ ಸಿಪ್ಪೆಯಷ್ಟೇ ಉಳಿದಿತ್ತು.

“ಈಗ ನೇತ್ರಾ ಬಾಣಂತನಕ್ಕ ಬಂದಾಳ. ಮನ್ಯಾಗ ಹಸಗೂಸೈತಿ. ಇವತ್ತ ಮುಂಜಾನಿ ಮಳ್ಯಾಗ ತೋಯಿಸಿಕೊಂಡ ಬಂದು, ನಾ ಚಹಾ ಸೋಸಾಕತ್ತಾಗ, ಭಾರತಿ ಕೇಳಿದ್ಲು… ‘ಯಕ್ಕಾ, ಈ ಓಣ್ಯಾಗ ಈಗ ಯಾರ್ಯಾರ ಮನ್ಯಾಗ ಸಣ್ಣ ಕೂಸದಾವು?’”

“ನೀ ಏನಂದಿಬೇ?” ಹೆಂಗಸೊಬ್ಬಳು ಎದ್ದು ನಿಂತಿದ್ದಳು.

ಅಜ್ಜಿ ಯಾರ ಮುಖವನ್ನೂ ನೋಡಲಿಲ್ಲ.

“ಮಾತಿಗೆ ಕೇಳ್ತಾಳ ಅನಕೊಂಡೆವ್ವಾ… ರಮಾಬಾಯಿದು ನೆನಪಾಗೂದ್ರಾಗ ಆಕಿ ಹೊಳ್ಳಿ ಹೋಗಿದ್ಲು. ನಿಮ್ಮೆಲ್ಲಾರ ಮನಿ ಹೆಸರೂ ಹೇಳಿಬಿಟ್ಟಿದ್ದೆ.”