ಅಣ್ಣ ಬಟ್ಟೆ ಕತ್ತರಿಸ್ತಿದ್ದ ಟೇಬಲ್

...ಹಾಗೆ ಬಗ್ಗಿ ನೋಡ್ಬೇಡಿ ಅತ್ತಿಗೆ, ಸೊಂಟ ಹಿಡ್ಕೊಳತ್ತೆ! ಕೂತ್ಕೊಂಡು ನೋಡಿ. ಬೆಂಚು ಇರೋದೇ ಕೂತ್ಕೊಳ್ಳೋಕೆ ಅಲ್ವಾ? ಅಣ್ಣ ಬಟ್ಟೆ ಕತ್ತರಿಸ್ತಿದ್ದ ಟೇಬಲ್ಲೇ ಬೆಂಚಾಗಿ ಬಂದಿದೆ, ನೀವು ನೋಡಿದ್ರೆ ಯಾರೋ ಬೇರೆಯವರ ಅಂಗಡಿಗೆ ಬಂದವರ ಹಾಗೆ ನಿಂತಿದೀರಲ್ಲ! ಕೂತ್ಕೊಳ್ಳಿ, ದಮ್ಮಯ್ಯ. ಈಗ ಬಂದ್ಬಿಡ್ತಾರೆ ಅವರು.

ಯಾರು ಅಂದ್ರೆ... ಫೋನಲ್ಲಿ ಹೇಳಿದ್ನಲ್ಲ! ಹೋಟೆಲಿನವರು. ಅವರ ಹೊಸ ಹೋಟೆಲಿಗೆ ಹಳೇ ಮರದಲ್ಲಿ ಮಾಡಿದ ಸಾಮಾನೇ ಬೇಕಂತೆ. ನಮಗೋಸ್ಕರ ಒಂದು ಮರಾನೂ ಕಡೀಬಾರದು ಅಂತ ಹಟ. ಈ ಆರ್ಡರ್ ಸಿಕ್ಕಿದ್ರೆ ಅಂಗಡಿ ಉಳಿಯತ್ತೆ. ಇಲ್ದಿದ್ರೆ ಶಟರ್ ಎಳೆದು ಬೀಗ ಹಾಕೋದೇ. ತಮಾಷೆ ಮಾಡ್ತಿಲ್ಲ ಅತ್ತಿಗೆ, ನಿಜವಾಗ್ಲೂ. ನೀವು ಒಂದೇ ಒಂದು ಮಾತು ಹೇಳಿ ಸಾಕು. "ಇದು ನಮ್ಮನೆಯವರ ಟೇಬಲ್ಲು, ಅದೇ ಮರದಲ್ಲಿ ಮೈದುನ ಬೆಂಚು ಮಾಡ್ಕೊಟ್ಟ" ಅಂತ. ನಾನು ಹೇಳಿದ್ರೆ ಅದು ವ್ಯಾಪಾರದ ಮಾತು. ನೀವು ಹೇಳಿದ್ರೆ ನಂಬ್ತಾರೆ.

ಯಾಕೆ ಮೂಗು ಮುಚ್ಕೊಂಡ್ರಿ? ಪಾಲಿಶ್ ವಾಸನೆನಾ? ಸಾಧ್ಯಾನೇ ಇಲ್ಲ! ಮೊದಲಿನ ಆ ತಲೆ ಸಿಡಿಯೋ ಪಾಲಿಶ್ ಬಿಟ್ಟೇಬಿಟ್ವಿ. ಈಗ ಬರೀ ಎಣ್ಣೆ, ಜೇನುಮೇಣ. ಅಂಟೂ ಇಲ್ಲ, ಎಲ್ಲಾ ಸ್ಕ್ರೂ. ಕಾಲು ಮುರೀತಾ? ಅದೊಂದನ್ನೇ ಬಿಚ್ಚಿ ಬದಲಾಯಿಸಿ, ಇಡೀ ಬೆಂಚು ಬಿಸಾಡ್ಬೇಕಾಗಿಲ್ಲ. ಪ್ಲಾಸ್ಟಿಕ್ ಸುತ್ತೋದೂ ನಿಲ್ಲಿಸಿದ್ವಿ. ಹಳೇ ಕಂಬಳಿ ಹೊದಿಸಿ ಕಳಿಸ್ತೀವಿ, ಕಂಬಳಿ ವಾಪಸ್ ತರ್ತೀವಿ. ಅಣ್ಣ ಇದ್ದಾಗ ಎಷ್ಟು ನಕ್ಕಿದ್ದ ನೆನಪಿದ್ಯಾ? "ಕುರ್ಚಿಗೆ ಚಳಿ ಆಗತ್ತೇನೋ?" ಅಂತ... ನೀವೂ ನಕ್ಕಿದ್ರಿ.

ಈಗ ನಗ್ತಿಲ್ಲ ನೀವು.

ಮೇಲೆ ನೋಡಿ, ಮೇಲೆ! ಕತ್ತರಿಯ ಗೀರು ಕಾಣ್ತಿಲ್ವಾ? ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ, ಇಗೋ, ಈ ಮೂಲೇಲಿ. ಅಣ್ಣಂದೇ ಕೆಲಸ. ಆ ಮೂಲೆ ಯಾಕೆ ತೋರಿಸ್ತಿದೀರಿ? ಓ... ಸುಟ್ಟ ಕಲೆ ಅಲ್ಲಿತ್ತಾ? ಹಲಗೆ ತಿರುಗಿಸಿ ಜೋಡ್ಸಿರ್ತಾರೆ ಬಿಡಿ.

ಅತ್ತಿಗೆ, ಬೆಂಚಿನ ಕೆಳಗೆ ಯಾಕೆ ಕೈ ಹಾಕ್ತೀರಿ? ಸಿಬಿರು ಚುಚ್ಚತ್ತೆ! ಅಡೀಲಿ ಏನಿರತ್ತೆ, ಯಾರು ನೋಡ್ತಾರೆ... ಅಂಚನ್ನೇ ಸವರ್ತಿದೀರಲ್ಲ, ಏನಾದ್ರೂ ಬಿತ್ತಾ? ಚೀಲದಿಂದ ಏನದು ತೆಗೆದಿದ್ದು? ತೋರಿಸಿ.

ಸೂಜಿ.

ಹೌದು... ಹೌದಲ್ವಾ. ಹೊಲಿಯೋದು ಮುಗಿದ ತಕ್ಷಣ ಅಣ್ಣ ಸೂಜೀನ ಟೇಬಲ್ ಅಂಚಿನ ಅಡಿಗೆ ಚುಚ್ಚಿಡ್ತಿದ್ದ. ನೆಲಕ್ಕೆ ಬಿದ್ದು ಯಾರ ಕಾಲಿಗೂ ಚುಚ್ಬಾರ್ದು ಅಂತ. ಅಡಿಯೆಲ್ಲ ತೂತು, ಜರಡಿ ಥರ. ಅಮ್ಮ ಹೋದ್ಮೇಲೆ ನಿಮ್ಮನೇಲೇ ಬೆಳೆದೋನು ನಾನು, ಆ ಟೇಬಲ್ ಅಡಿಯೇ ನನ್ನ ಮನೆ! ಒಂದ್ಸಲ ತಲೆಗೆ ಚುಚ್ಚಿಸ್ಕೊಂಡು ಕಿರುಚಿದ್ದೆ, ನೀವು ಅಣ್ಣಂಗೆ ಬೈದಿದ್ರಿ... ಮರ್ತೇಹೋಗಿತ್ತು. ನಂಗೆ ಮರ್ತೇಹೋಗಿತ್ತು ಅತ್ತಿಗೆ!

ಅದರ ಜಾಗದಲ್ಲೇ ಇಡೋಣ ಅಂತ ತಂದ್ರಾ? ಕೊಡಿ, ನಾನೇ ಚುಚ್ಚಿಡ್ತೀನಿ. ಉಜ್ಜಿ ನುಣುಪು ಮಾಡಿದಾರಲ್ಲ, ಅದಕ್ಕೇ ತೂತು ಸಿಗ್ತಿಲ್ಲ, ಅಷ್ಟೇ. ಎಣ್ಣೆ ಕುಡಿದು ಮುಚ್ಕೊಂಡಿರತ್ತೆ... ಹಾಗೆ ನೋಡ್ಬೇಡಿ. ಬೈಯಿರಿ. ಬೇಕಾದ್ರೆ ಎರಡು ಬಾರಿಸಿ!

ಹಳೇ ಮರ ಕೊಯ್ಯೋದು ಅಂದ್ರೆ ಏನು ಅನ್ಕೊಂಡ್ರಿ? ಒಳಗೆಲ್ಲೋ ಮೊಳೆ ಇರತ್ತೆ, ಗರಗಸದ ಹಲ್ಲು ಹಾರತ್ತೆ. ಕೆಲಸದವರು ಕೈ ಎತ್ಬಿಟ್ರು. ಜನ ನಂಬಿ ಕೊಟ್ಟ ಸಾಮಾನೆಲ್ಲ ಗೋಡೌನಲ್ಲಿ ಗುಡ್ಡೆ ಬಿತ್ತು. ಹೊಸ ಮರಕ್ಕೆ ಸರಪಳಿಯಲ್ಲಿ ಬಾರಿಸಿ, ಟೀ ಡಿಕಾಕ್ಷನ್ ಬಳಿದ್ರೆ ಹಳೇದರ ಹಾಗೇ ಕಾಣತ್ತೆ ಅತ್ತಿಗೆ, ಯಾರಿಗೂ ಗೊತ್ತಾಗಲ್ಲ. ಮೇಲ್ಗಡೆ ಮಾತ್ರ ಮಾಡ್ತೀವಿ. ಅಡಿಗೆ ಯಾರೂ ಕೈ ಹಾಕಲ್ಲ ಅಂತ...

ಅಣ್ಣನ ಟೇಬಲ್ಲು ಇಟ್ಟಿಗೆ ಭಟ್ಟಿಗೆ ಹೋಯ್ತು. ಉಳಿದಿದ್ದರ ಜೊತೆ, ಸೌದೆಗೆ. ಲಾರಿ ಮೇಲೆ ಅದರ ಕಾಲು ಕಾಣಿಸ್ತು. ನಿಲ್ಸು ಅನ್ಬಹುದಿತ್ತು. ಅನ್ಲಿಲ್ಲ.



ಅಯ್ಯೋ, ಕಾರು ಬಂತು! ಅವರೇ. ಅತ್ತಿಗೆ, ಕಾಲಿಗೆ ಬೀಳ್ತೀನಿ, ಒಂದೇ ಒಂದು ಮಾತು. ಅಣ್ಣ ಇದ್ದಿದ್ರೆ ನನಗೋಸ್ಕರ ಹೇಳ್ತಿದ್ದ. ಹೇಳ್ತಿದ್ದ ಅಲ್ವಾ? ...ಅಲ್ವಾ ಅತ್ತಿಗೆ?

...ಸೂಜಿ ಚೀಲದಲ್ಲಿಟ್ಕೊಳ್ಳಿ. ಕೈಗೆ ಚುಚ್ಚತ್ತೆ.

ಬನ್ನಿ ಸಾರ್, ಒಳಗೆ ಬನ್ನಿ. ಇವರು ನಮ್ಮತ್ತಿಗೆ. ಹೂಂ, ನಾನು ಹೇಳಿದ್ನಲ್ಲ, ಅದೇ ಬೆಂಚು. ಇಲ್ಲ ಸಾರ್, ಅವರನ್ನ ಏನೂ ಕೇಳ್ಬೇಡಿ. ನನ್ನ ಕೇಳಿ... ಅದು ಹೊಸ ಮರ.