ಎರಡು ಬೆರಳು ಬಟ್ಟೆ

ದರ್ಜಿ ಅಂಗಡಿಯಲ್ಲಿ ನನಗಿಂತ ಮುಂದೆ ನಿಂತಿದ್ದ ಹೆಂಗಸು ಹಸಿರು ಕುರ್ತಾವೊಂದನ್ನು ಮೇಜಿನ ಮೇಲೆ ಹರಡಿದರು.

"ನಾಳೆ ಮಗಳಿಗೆ ಇಂಟರ್‌ವ್ಯೂ, ಮಾಸ್ಟ್ರೇ. ಊರಿನ ಕಾರ್ಖಾನೆ ಮುಚ್ಚಿ ಸಂಬಳ ನಿಂತ್ಮೇಲೆ ಹೊಸ ಬಟ್ಟೆ ಎಲ್ಲಿಂದ ತರೋದು? ನನ್ನ ಈ ಕುರ್ತಾ ಅವಳಿಗೆ ಬಿಗಿ, ಸ್ವಲ್ಪ ಸಡಿಲ ಮಾಡಿಕೊಡಿ."

ದರ್ಜಿ ಪಕ್ಕದ ಹೊಲಿಗೆ ತಿರುಗಿಸಿ ನೋಡಿದರು.

"ಬಿಚ್ಚೋಕೆ ಒಳಗೆ ಬಟ್ಟೇನೇ ಇಲ್ವಲ್ಲಮ್ಮ."

"ನೀವೇ ಹೊಲಿದಿದ್ದು."

"ಎರಡು ಬೆರಳು ಬಿಟ್ಟಿದ್ದೆ. ದಪ್ಪ ಕಾಣ್ತೀನಿ, ಕತ್ತರಿಸಿ ಅಂದ್ರಿ."

"ಅಂದಿದ್ದೆ. ಆಗ ವರ್ಷಕ್ಕೆ ನಾಲ್ಕು ಹೊಲಿಸ್ತಿದ್ದೆ."

"ಪಕ್ಕಕ್ಕೆ ಬೇರೆ ಬಣ್ಣದ ಪಟ್ಟಿ ಕೊಡ್ತೀನಿ. ಈಗ ಅದೇ ಫ್ಯಾಷನ್ನು. ಈ ವಾರ ಇದು ಆರನೇದು."

"ಹಾಗಾದ್ರೆ ಎಲ್ಲರ ಮನೇಲೂ ಇದೇ ಪಾಡು ಅನ್ನಿ."

ಅವರು ಹೆಗಲ ಮೇಲಿದ್ದ ಕಪ್ಪು ದುಪಟ್ಟಾ ತೆಗೆದು ಮೇಜಿನ ಮೇಲಿಟ್ಟರು.

"ಇದರಲ್ಲೇ ಪಟ್ಟಿ ತೆಗೀರಿ."

ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಒಳಗೆ ಎರಡು ಬೆರಳು ಬಿಡಿ, ಮಾಸ್ಟ್ರೇ. ಅವಳು ಬೇಡ ಅಂದ್ರೂ ಬಿಡಿ."